ಜೇಬಿನ ಚಾಕು: ನಂಬಿಕೆಯ ಅಂಚಿನಲ್ಲೊಂದು ಸಾಧನ

ದಾರ ಕತ್ತರಿಸಬೇಕು, ಹಣ್ಣು ಹೋಳು ಮಾಡಬೇಕು, ಪೆನ್ಸಿಲು ಹೆರೆಯಬೇಕು, ಅಂಟಿಸಿದ ಪೆಟ್ಟಿಗೆ ಬಿಚ್ಚಬೇಕು. ದಿನವೊಂದರಲ್ಲಿ ಇಂಥ ಹತ್ತಾರು ಸಣ್ಣ ಕೆಲಸಗಳು ಎದುರಾಗುತ್ತವೆ. ಆ ಹೊತ್ತಿಗೆ ಅಡುಗೆಮನೆಯ ಚಾಕು ಅಡುಗೆಮನೆಯಲ್ಲಿರುತ್ತದೆ. ಕತ್ತರಿ ಎಲ್ಲಿದೆಯೆಂದು ಹುಡುಕಬೇಕಾಗುತ್ತದೆ. ಕೈಗೆ ಸಿಗುವುದು ಹಲ್ಲು, ಉಗುರು ಅಥವಾ ಬೀಗದ ಕೈ. ಈ ಪರದಾಟಕ್ಕೆ ಮನುಷ್ಯ ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಒಂದು ಉತ್ತರ ಕಂಡುಕೊಂಡಿದ್ದ. ಅಲಗನ್ನು ಹಿಡಿಯೊಳಗೇ ಮಡಚಿಟ್ಟುಕೊಳ್ಳುವ ಚಾಕು ಅದು.

ಈ ಸಾಧನದ ಚರಿತ್ರೆ ಬರೀ ಉಕ್ಕಿನ ಚರಿತ್ರೆಯಲ್ಲ. ಒಂದು ಕಾಲಕ್ಕೆ ರೈತ, ಗುಮಾಸ್ತ, ನಾವಿಕ, ಶಾಲೆಯ ಹುಡುಗ ಎಲ್ಲರ ಬಳಿಯೂ ಇದ್ದ ಚಾಕು, ಇಂದು ಹಲವು ದೇಶಗಳಲ್ಲಿ ಪೊಲೀಸರಿಗೆ ಉತ್ತರ ಹೇಳಬೇಕಾದ ವಸ್ತುವಾಗಿದೆ. ಚಾಕು ಹೆಚ್ಚೇನೂ ಬದಲಾಗಿಲ್ಲ. ಅದನ್ನು ಇಟ್ಟುಕೊಂಡವನ ಬಗ್ಗೆ ಸಮಾಜಕ್ಕಿದ್ದ ನಂಬಿಕೆ ಬದಲಾಗಿದೆ. ಸಾಧನವೊಂದು ಆಯುಧವೆಂಬ ಹೆಸರು ಹೊತ್ತದ್ದು ಹೇಗೆ ಎಂಬುದನ್ನು ತಿಳಿಯಲು ಜೇಬಿನ ಚಾಕುವಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಜೇಬು ಹುಟ್ಟುವ ಮೊದಲೇ

ಈವರೆಗೆ ದೊರೆತಿರುವ ಮಡಚುವ ಚಾಕುಗಳಲ್ಲಿ ಅತಿ ಹಳೆಯವುಗಳಲ್ಲೊಂದು ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಸಿಕ್ಕಿದ್ದು. ಉಪ್ಪಿನ ಗಣಿಗಳಿಗೆ ಹೆಸರಾದ ಈ ಊರಿನ ಚಾಕು ಕ್ರಿ.ಪೂ. 600ರಿಂದ 500ರ ನಡುವಿನದೆಂದು ಹೇಳಲಾಗುತ್ತದೆ. ಮೂಳೆಯ ಹಿಡಿ, ಒಂದೇ ಅಲಗು. ಮುಂದೆ ರೋಮನ್ನರು ಈ ಕಲ್ಪನೆಯನ್ನು ಬೆಳೆಸಿದರು. ಮೂಳೆ, ದಂತ ಮತ್ತು ಕಂಚಿನಲ್ಲಿ ಪ್ರಾಣಿಗಳ ಆಕೃತಿ ಕೆತ್ತಿದ ಹಿಡಿಗಳು ಅವರ ನೆಲೆಗಳ ಉತ್ಖನನದಲ್ಲಿ ಸಿಕ್ಕಿವೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಫಿಟ್ಜ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿ ರೋಮನ್ ಕಾಲದ ಬೆಳ್ಳಿಯ ಉಪಕರಣವೊಂದಿದೆ. ಅದರಲ್ಲಿ ಚಮಚ, ಮುಳ್ಳುಚಮಚ, ಮೊನೆಕಡ್ಡಿ ಮತ್ತು ಕಬ್ಬಿಣದ ಅಲಗು ಒಂದೇ ಹಿಡಿಗೆ ಮಡಚಿಕೊಳ್ಳುತ್ತವೆ. ಸ್ವಿಸ್ ಸೈನ್ಯದ ಚಾಕುವನ್ನು ನೋಡಿದವರು ಇದನ್ನು ನೋಡಿದರೆ ಹೊಸದೆನಿಸುವುದಿಲ್ಲ.

ಈ ಹಳೆಯ ಚಾಕುಗಳ ರಚನೆ ಅತ್ಯಂತ ಸರಳ. ಅಲಗಿನ ಬುಡಕ್ಕೊಂದು ತೂತು. ತೂತಿನಲ್ಲಿ ಒಂದು ಮೊಳೆ. ಬಿಚ್ಚಿದ ಅಲಗು ನಿಲ್ಲುವುದು ಹಿಡಿಯ ಬಿಗಿತದಿಂದ, ಇಲ್ಲವೇ ಹಿಡಿದವನ ಕೈಯ ಒತ್ತಡದಿಂದ. ಕೈ ಸಡಿಲವಾದರೆ ಅಲಗು ಬೆರಳಿನ ಮೇಲೆ ಮುಚ್ಚಿಕೊಳ್ಳಬಹುದು. ಬಿಚ್ಚಿದ ಅಲಗನ್ನು ನಿಲ್ಲಿಸುವುದು ಹೇಗೆ ಎಂಬ ಈ ಒಂದು ಪ್ರಶ್ನೆಗೆ ಬೇರೆ ಬೇರೆ ನಾಡಿನ ಕಮ್ಮಾರರು ಬೇರೆ ಬೇರೆ ಉತ್ತರ ಕೊಟ್ಟರು. ಆ ಉತ್ತರಗಳೇ ಮುಂದೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದವು.

ಗರಿ ಹೆರೆದ ಚಾಕು

ಇಂಗ್ಲಿಷಿನಲ್ಲಿ ಚಿಕ್ಕ ಜೇಬುಚಾಕುವಿಗೆ ‘ಪೆನ್‌ನೈಫ್’ ಎಂಬ ಹೆಸರಿದೆ. ಪೆನ್ನಿಗೂ ಚಾಕುವಿಗೂ ಏನು ನಂಟು? ಯುರೋಪಿನಲ್ಲಿ ಶತಮಾನಗಳ ಕಾಲ ಬರೆಯುತ್ತಿದ್ದುದು ಬಾತಿನ ಗರಿಯಿಂದ. ಗರಿಯ ಬುಡವನ್ನು ಓರೆಯಾಗಿ ಕೊಯ್ದು, ತುದಿಯನ್ನು ಸೀಳಿ ಶಾಯಿ ಇಳಿಯುವಂತೆ ಮಾಡಬೇಕು. ಬರೆಯುತ್ತಾ ಹೋದಂತೆ ತುದಿ ಮೆತ್ತಗಾಗುತ್ತದೆ, ಮತ್ತೆ ಹೆರೆಯಬೇಕು. ಹೀಗಾಗಿ ಬರೆಯುವವನ ಮೇಜಿನ ಮೇಲೆ ಶಾಯಿಕುಡಿಕೆಯಷ್ಟೇ ಚಾಕುವೂ ಅಗತ್ಯವಾಗಿತ್ತು. ಪರ್ಷಿಯನ್ ಲಿಪಿಕಾರರು ಲಾಳದ ಕಡ್ಡಿಯ ಲೇಖನಿ ಹೆರೆಯಲು ಬಳಸುತ್ತಿದ್ದ ಚಾಕುವಿಗೆ ‘ಕಲಂತರಾಶ್’ ಎಂದೇ ಹೆಸರು.

ದಕ್ಷಿಣ ಭಾರತದಲ್ಲಿ ಬರವಣಿಗೆ ತಾಳೆಗರಿಯ ಮೇಲೆ ನಡೆಯುತ್ತಿತ್ತು. ಇಲ್ಲಿ ಲೇಖನಿಯೇ ಕಬ್ಬಿಣದ ಕಂಠ. ಗರಿಯನ್ನು ಒಂದೇ ಅಳತೆಗೆ ಕತ್ತರಿಸಲು, ಅಂಚು ಸವರಲು ಚಾಕು ಬೇಕು. ಆದ್ದರಿಂದ ಕಂಠವನ್ನೂ ಚಿಕ್ಕ ಚಾಕುವನ್ನೂ ಒಂದೇ ಹಿಡಿಗೆ ಮಡಚುವಂತೆ ಜೋಡಿಸಿದ ಉಪಕರಣಗಳು ಬಳಕೆಯಲ್ಲಿದ್ದವು. ಅಂಥವು ಇಂದು ವಸ್ತುಸಂಗ್ರಹಾಲಯಗಳಲ್ಲಿ ನೋಡಸಿಗುತ್ತವೆ. ಅಂದರೆ ಪೂರ್ವದಲ್ಲೂ ಪಶ್ಚಿಮದಲ್ಲೂ ಚಿಕ್ಕ ಚಾಕು ಅಕ್ಷರಸ್ಥನ ಸಂಗಾತಿಯಾಗಿತ್ತು. 19ನೆಯ ಶತಮಾನದ ಮೊದಲರ್ಧದಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಗಳು ಉಕ್ಕಿನ ನಿಬ್ಬುಗಳನ್ನು ರಾಶಿರಾಶಿಯಾಗಿ ಹೊರತಂದಾಗ ಗರಿ ಹೆರೆಯುವ ಕೆಲಸ ಮುಗಿಯಿತು. ಚಾಕುವಿನ ಹೆಸರು ಮಾತ್ರ ಉಳಿಯಿತು.

ಅಷ್ಟರಲ್ಲಿ ಜೇಬಿನ ಚಾಕು ಇಂಗ್ಲೆಂಡಿನ ಶೆಫೀಲ್ಡ್ ಎಂಬ ಊರಿನ ಹಣೆಬರಹವನ್ನೇ ಬರೆದಿತ್ತು. 14ನೆಯ ಶತಮಾನದ ಕೊನೆಯಲ್ಲಿ ಚಾಸರ್ ಕವಿ ತನ್ನ ಕಥೆಯೊಂದರಲ್ಲಿ ಗಿರಣಿಯವನೊಬ್ಬನ ಕಾಲುಚೀಲದಲ್ಲಿ ಶೆಫೀಲ್ಡಿನ ಚಾಕುವನ್ನು ಸಿಕ್ಕಿಸಿದ್ದ. ಸುತ್ತಲಿನ ಗುಡ್ಡಗಳಿಂದ ಇಳಿಯುವ ಹೊಳೆಗಳು ಸಾಣೆಚಕ್ರ ತಿರುಗಿಸುತ್ತಿದ್ದವು. ಸಾಣೆಗೆ ಬೇಕಾದ ಮರಳುಗಲ್ಲು ಹತ್ತಿರದಲ್ಲೇ ದೊರೆಯುತ್ತಿತ್ತು. 1624ರಲ್ಲಿ ಅಲ್ಲಿನ ಚಾಕು ತಯಾರಕರ ಸಂಘಕ್ಕೆ ಸಂಸತ್ತಿನ ಕಾಯ್ದೆಯ ಮಾನ್ಯತೆ ಸಿಕ್ಕಿತು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ತಯಾರಕ ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನವನ್ನು ರೂಢಿಗೆ ತಂದ ಮೇಲೆ, ಒಂದೇ ಹದದ ಉತ್ತಮ ಉಕ್ಕು ಅಲ್ಲಿನ ಕುಶಲಕರ್ಮಿಗಳಿಗೆ ಸಿಗತೊಡಗಿತು.

ಅಲಗು ನಿಲ್ಲಿಸುವ ಪ್ರಶ್ನೆಗೆ ಶೆಫೀಲ್ಡ್ ಕೊಟ್ಟ ಉತ್ತರ ಸ್ಪ್ರಿಂಗು. ಹಿಡಿಯ ಬೆನ್ನಿನಲ್ಲಿ ಉಕ್ಕಿನ ಪಟ್ಟಿಯೊಂದು ಬಾಗಿ ಕುಳಿತಿರುತ್ತದೆ. ಅದು ಅಲಗಿನ ಬುಡವನ್ನು ಸದಾ ಒತ್ತುತ್ತಿರುತ್ತದೆ. ಬಿಚ್ಚುವಾಗ ಮೊದಲು ತಡೆಯುತ್ತದೆ, ಅರ್ಧ ದಾರಿ ದಾಟಿದ ಮೇಲೆ ತಾನೇ ತಳ್ಳುತ್ತದೆ, ಕೊನೆಗೆ ಟಕ್ಕೆಂದು ಕೂರಿಸುತ್ತದೆ. ಮುಚ್ಚುವಾಗಲೂ ಹಾಗೆಯೇ. ಈ ಟಕ್ಕೆಂಬ ಸದ್ದು ಎಷ್ಟು ಖಚಿತವೋ ಚಾಕು ಅಷ್ಟು ಚೆನ್ನ ಎಂಬುದು ಇಂದಿಗೂ ಬಲ್ಲವರ ಪರೀಕ್ಷೆ. ಇದು ಬೀಗವಲ್ಲ ಎಂಬುದನ್ನು ಗಮನಿಸಬೇಕು. ಅಲಗಿನ ಬೆನ್ನನ್ನು ಜೋರಾಗಿ ಒತ್ತಿದರೆ ಅದು ಮಡಚಿಕೊಂಡೇಬಿಡುತ್ತದೆ. ಸ್ಪ್ರಿಂಗು ನೆರವಾಗುತ್ತದೆ, ಎಚ್ಚರ ಮಾತ್ರ ಬಳಸುವವನದೇ.

ಶೆಫೀಲ್ಡಿನ ಜಂಬಕ್ಕೂ ಮಿತಿಯಿರಲಿಲ್ಲ. ಜೋಸೆಫ್ ರಾಜರ್ಸ್ ಎಂಬ ಸಂಸ್ಥೆ 1822ರಲ್ಲಿ 1,822 ಅಲಗುಗಳ ಒಂದು ಚಾಕು ಮಾಡಿತು. 1851ರ ಲಂಡನ್ನಿನ ಮಹಾ ವಸ್ತುಪ್ರದರ್ಶನಕ್ಕೆ ಮುತ್ತಿನ ಚಿಪ್ಪಿನ ಹಿಡಿಯ, 75 ಅಲಗು ಮತ್ತು ಉಪಕರಣಗಳ ಇನ್ನೊಂದನ್ನು ಕಳಿಸಿತು. ಯಾರೂ ಜೇಬಿನಲ್ಲಿಡಲಾರದ ಜೇಬುಚಾಕುಗಳು ಇವು. ಆದರೆ ಆ ಹೊಳಪಿನ ಹಿಂದೆ ಬೇರೊಂದು ಲೆಕ್ಕವಿತ್ತು. ಅಲ್ಲಿ ಕುಲುಮೆಯವನು, ಸಾಣೆ ಹಿಡಿಯುವವನು, ಹಿಡಿ ಕೂರಿಸುವವನು ಬೇರೆಬೇರೆ. ಸಾಣೆಯವರು ಮುಖದ ಮುಂದೆಯೇ ತಿರುಗುವ ಕಲ್ಲಿನ ಧೂಳನ್ನು ದಿನವಿಡೀ ಉಸಿರಾಡುತ್ತಿದ್ದರು. ಫ್ರೆಡ್ರಿಕ್ ಎಂಗೆಲ್ಸ್ 1845ರಲ್ಲಿ ಪ್ರಕಟಿಸಿದ ಇಂಗ್ಲೆಂಡಿನ ಕಾರ್ಮಿಕರ ಕುರಿತ ಗ್ರಂಥದಲ್ಲಿ, ಶೆಫೀಲ್ಡಿನ ವೈದ್ಯರೊಬ್ಬರ ವರದಿಯ ಆಧಾರದ ಮೇಲೆ, ಒಣ ಸಾಣೆ ಹಿಡಿಯುವವರ ಸರಾಸರಿ ಆಯುಷ್ಯ 35 ವರ್ಷ ಮುಟ್ಟುವುದೇ ಕಷ್ಟವೆಂದೂ, ಒದ್ದೆ ಸಾಣೆಯವರು 45 ದಾಟುವುದು ಅಪರೂಪವೆಂದೂ ದಾಖಲಿಸಿದ್ದಾರೆ. ಒಬ್ಬನ ಜೇಬಿನ ಚೊಕ್ಕ ಚಾಕುವಿಗೆ ಇನ್ನೊಬ್ಬನ ಶ್ವಾಸಕೋಶ ಬೆಲೆ ತೆತ್ತಿತ್ತು.

ಜೇಬಿಲ್ಲದವರ ಚಾಕು

ಜೇಬಿನ ಚಾಕುವಿಗೆ ಮೊದಲು ಬೇಕಾದುದು ಜೇಬು. ಪಂಚೆ, ಧೋತರ ಉಡುವ ನಾಡಿನಲ್ಲಿ ಅದೆಲ್ಲಿಂದ ಬರಬೇಕು? ಕರ್ನಾಟಕದಲ್ಲಿ ಅಲಗು ನೆಲೆಸಿದ್ದು ಸೊಂಟದಲ್ಲಿ. ಮಲೆನಾಡಿನ ರೈತ ಇಂದಿಗೂ ತೋಟಕ್ಕೆ ಹೊರಡುವಾಗ ಸೊಂಟಕ್ಕೆ ಕಟ್ಟಿದ ಕೊಕ್ಕೆಗೆ ಕತ್ತಿ ಸಿಕ್ಕಿಸುತ್ತಾನೆ. ಕೊಡವರ ಸಾಂಪ್ರದಾಯಿಕ ಉಡುಗೆಯಲ್ಲಿ ಕುಪ್ಯದ ಮೇಲೆ ಬಿಗಿದ ಚೇಲೆಗೆ ಪೀಚೆಕತ್ತಿ ಸಿಕ್ಕಿಸುವುದು ಮದುವೆಯ ಲಕ್ಷಣ. ಎಲೆಯಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕದಲ್ಲೇ ಅಡಕತ್ತರಿಗೆ ಸ್ಥಾನವಿತ್ತು. ಮನೆಯೊಳಗಿನ ಹೆಚ್ಚುವ ಕೆಲಸವೆಲ್ಲ ಈಳಿಗೆಮಣೆಯದು. ಅಲ್ಲಿ ಅಲಗು ಕದಲದೆ ನಿಂತಿರುತ್ತದೆ, ತರಕಾರಿಯೇ ಅದರ ಬಳಿಗೆ ಹೋಗುತ್ತದೆ. ಹೀಗೆ ಪ್ರತಿ ಕೆಲಸಕ್ಕೂ ಅದರದೇ ಅಲಗಿದ್ದ ಕಡೆ ಮಡಚುವ ಚಾಕು ತಡವಾಗಿ, ಅಂಗಿ ಷರಾಯಿಗಳ ಜೊತೆಗೆ ಬಂತು. ಚಾಕು ಎಂಬ ಶಬ್ದವೂ ಜೇಬು ಎಂಬ ಶಬ್ದವೂ ಕನ್ನಡಕ್ಕೆ ಪರ್ಷಿಯನ್–ಉರ್ದುವಿನ ದಾರಿಯಿಂದ ಬಂದವೆಂಬುದು ಕುತೂಹಲದ ಸಂಗತಿ.

ಯುರೋಪಿನಲ್ಲಿ ಮಾತ್ರ ಚಾಕು ಜೇಬಿನಲ್ಲೇ ಬೇರು ಬಿಟ್ಟಿತ್ತು. ಫ್ರಾನ್ಸಿನ ಹಳ್ಳಿಗಳಲ್ಲಿ ಊಟಕ್ಕೆ ಕುಳಿತವರು ತಮ್ಮ ತಮ್ಮ ಚಾಕು ತೆಗೆದು ರೊಟ್ಟಿ, ಗಿಣ್ಣು ಕೊಯ್ದುಕೊಳ್ಳುತ್ತಿದ್ದರು. ಯಜಮಾನ ತನ್ನ ಚಾಕುವನ್ನು ಟಕ್ಕೆಂದು ಮಡಚಿದನೆಂದರೆ ಊಟ ಮುಗಿಯಿತು, ಆಳುಗಳು ಕೆಲಸಕ್ಕೆ ಏಳಬೇಕು ಎಂದರ್ಥ.

ದನಗಾಹಿ, ರೈತ, ಸೈನಿಕ

ಊರೂರಿನ ಚಾಕು ಆ ಊರಿನ ಬದುಕನ್ನೇ ಹೇಳುತ್ತದೆ. ದಕ್ಷಿಣ ಫ್ರಾನ್ಸಿನ ಲಾಯೋಲ್ ಎಂಬ ಊರಿನಲ್ಲಿ 1829ರಲ್ಲಿ ಪಿಯರ್ ಜಾನ್ ಕಾಲ್ಮೆಲ್ಸ್ ಎಂಬ ಕಮ್ಮಾರ ಚಾಕು ಮಾಡಲು ತೊಡಗಿದ. ಅದು ದನ ಸಾಕುವ ನಾಡು. ಹಸಿ ಮೇವು ಮೇಯ್ದ ದನಕ್ಕೆ ಹೊಟ್ಟೆ ಉಬ್ಬರಿಸಿ ಪ್ರಾಣಾಪಾಯ ಬಂದಾಗ, ಪಕ್ಕೆಯ ಹಿಂದೆ ಚುಚ್ಚಿ ಗಾಳಿ ಹೊರಬಿಡಬೇಕು. 1840ರ ಸುಮಾರಿಗೆ ಆ ಚಾಕುವಿಗೆ ಅಂಥ ಚುಚ್ಚುಮೊಳೆಯೊಂದು ಸೇರಿತು. ಬಡತನದಿಂದಾಗಿ ಆ ಸೀಮೆಯ ಜನ ಪ್ಯಾರಿಸ್ಸಿಗೆ ಗುಳೆ ಹೋಗಿ ಕಾಫಿ ಮಂದಿರ, ಪಾನಗೃಹಗಳಲ್ಲಿ ಕೆಲಸಕ್ಕೆ ನಿಂತರು. 1880ರಲ್ಲಿ ಅದೇ ಚಾಕುವಿಗೆ ಬಿರಡೆ ಎಳೆಯುವ ತಿರುಪು ಬಂತು. ಒಂದೇ ಹಿಡಿಯಲ್ಲಿ ಒಂದು ಜನಾಂಗದ ಹಟ್ಟಿಯೂ ಇದೆ, ವಲಸೆಯೂ ಇದೆ.

ಫ್ರಾನ್ಸಿನ ಸವಾಯ್ ಬೆಟ್ಟಪ್ರದೇಶದಲ್ಲಿ ಕೊಡಲಿ, ಕುಡುಗೋಲು ಮಾಡುತ್ತಿದ್ದ ಕುಟುಂಬವೊಂದರ ಹುಡುಗ ಜೋಸೆಫ್ ಒಪಿನೆಲ್ 1890ರಲ್ಲಿ, ತನ್ನ 18ರ ಹರೆಯದಲ್ಲಿ, ಇನ್ನಷ್ಟು ಸರಳ ಚಾಕುವೊಂದನ್ನು ರೂಪಿಸಿದ. ದುಂಡನೆಯ ಮರದ ಹಿಡಿ, ಅದರಲ್ಲೊಂದು ಸೀಳು, ತೆಳು ಅಲಗು, ಒಂದು ಮೊಳೆ, ಮೊಳೆ ಸಡಿಲವಾಗದಂತೆ ಲೋಹದ ಒಂದು ಪಟ್ಟಿ. ಇಷ್ಟೇ. 1897ರಲ್ಲಿ 1ರಿಂದ 12ರವರೆಗೆ ಅಳತೆಗೆ ತಕ್ಕ ಸಂಖ್ಯೆ ಕೊಟ್ಟು ಮಾರಲಾಯಿತು. ಮುಂದೆ 1 ಮತ್ತು 11 ನಿಂತುಹೋದವು. ಸುಮಾರು 8.5 ಸೆಂಟಿಮೀಟರ್ ಅಲಗಿನ 8ನೆಯ ಸಂಖ್ಯೆಯದು ಎಲ್ಲಕ್ಕಿಂತ ಹೆಸರುವಾಸಿ. ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬಿದರೆ ಅಲಗು ಹೊರಬರುವುದಿಲ್ಲ. ಆಗ ಹಿಡಿಯ ಹಿಂಬದಿಯನ್ನು ಮೇಜಿಗೆ ತಟ್ಟುವುದು. ಮೊನೆ ತಾನಾಗಿ ಇಣುಕುತ್ತದೆ. ಬಳಕೆದಾರರೇ ಕಂಡುಕೊಂಡ ಈ ಉಪಾಯಕ್ಕೆ ‘ಸವಾಯಿಗನ ಏಟು’ ಎಂಬ ಅಡ್ಡಹೆಸರಿದೆ. 1955ರಲ್ಲಿ ಮಾರ್ಸೆಲ್ ಒಪಿನೆಲ್ ಇದಕ್ಕೆ ತಿರುಗುವ ಉಂಗುರವೊಂದನ್ನು ಸೇರಿಸಿದ. ಅಲಗು ಬಿಚ್ಚಿ ಉಂಗುರ ತಿರುಗಿಸಿದರೆ ಅದು ಮುಚ್ಚಲಾರದು, ಬೆರಳು ಕೊಯ್ಯಲಾರದು. 1989ರಲ್ಲಿ ‘ಒಪಿನೆಲ್’ ಎಂಬುದು ಲರೂಸ್ ನಿಘಂಟಿಗೆ ಸಾಮಾನ್ಯ ನಾಮಪದವಾಗಿ ಸೇರಿತು.

ರೈತನ ಚಾಕು ಹೀಗಾದರೆ ಸೈನಿಕನ ಚಾಕು ಹುಟ್ಟಿದ್ದು ಬಂದೂಕಿನ ದೆಸೆಯಿಂದ. ಸ್ವಿಟ್ಜರ್ಲೆಂಡಿನ ಸೈನ್ಯ 1889ರ ಮಾದರಿಯ ಹೊಸ ರೈಫಲ್ ತಂದಾಗ, ಅದನ್ನು ಬಿಚ್ಚಿ ಜೋಡಿಸಲು ಸ್ಕ್ರೂಡ್ರೈವರ್ ಬೇಕಾಯಿತು. ಡಬ್ಬಿಯಲ್ಲಿ ಬರುವ ಆಹಾರಕ್ಕೆ ಡಬ್ಬಿ ಕೊಯ್ಯುವ ಉಪಕರಣವೂ ಬೇಕಾಯಿತು. ಅಲಗು, ಸ್ಕ್ರೂಡ್ರೈವರ್, ಡಬ್ಬಿಕೊಯ್ಯುವ ಕೊಕ್ಕೆ, ತೂತು ಕೊರೆಯುವ ಮೊನೆ – ಇವಿಷ್ಟೂ ಇರುವ ಚಾಕುವನ್ನು ಸೈನ್ಯ ಬಯಸಿತು. ಮೊದಲ ತಂಡ ತಯಾರಾದದ್ದು ಜರ್ಮನಿಯ ಜೋಲಿಂಗೆನ್‌ನಲ್ಲಿ. ಶ್ವಿಜ್ ಪ್ರಾಂತದ ಇಬಾಕ್ ಎಂಬಲ್ಲಿ 1884ರಲ್ಲಿ ಕಾರ್ಯಾಗಾರ ತೆರೆದಿದ್ದ ಕಾರ್ಲ್ ಎಲ್ಸನರ್, ತಮ್ಮ ದೇಶದ ಸೈನ್ಯದ ಚಾಕು ತಮ್ಮಲ್ಲೇ ಆಗಬೇಕೆಂದು ಹಟ ಹಿಡಿದು 1891ರಲ್ಲಿ ಸರಬರಾಜು ಆರಂಭಿಸಿದ. ಜರ್ಮನ್ ಕಾರ್ಖಾನೆಗಳ ಅಗ್ಗದ ಬೆಲೆಯೆದುರು ಸೋತು ದಿವಾಳಿಯ ಅಂಚಿಗೂ ಬಂದ. ಅವನನ್ನು ಉಳಿಸಿದ್ದು ಹೆಚ್ಚು ಹಗುರ ಮತ್ತು ನಾಜೂಕಾದ ಇನ್ನೊಂದು ಚಾಕು. 1897ರ ಜೂನ್ 12ರಂದು ನೋಂದಣಿಯಾದ ಆ ಅಧಿಕಾರಿಗಳ ಚಾಕುವಿನ ಜಾಣತನ ಒಂದೇ ಸ್ಪ್ರಿಂಗಿನ ಎರಡೂ ತುದಿಗಳನ್ನು ದುಡಿಸಿಕೊಂಡದ್ದರಲ್ಲಿತ್ತು. ಹೀಗಾಗಿ ಎರಡೇ ಸ್ಪ್ರಿಂಗಿನಲ್ಲಿ ಆರು ಉಪಕರಣಗಳು ಕುಳಿತವು.

1909ರಲ್ಲಿ ತಾಯಿ ತೀರಿಕೊಂಡಾಗ ಎಲ್ಸನರ್ ಸಂಸ್ಥೆಗೆ ಆಕೆಯ ಹೆಸರು ವಿಕ್ಟೋರಿಯಾ ಎಂದಿಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕು ಬಂದಾಗ, ಆ ಉಕ್ಕಿಗೆ ಫ್ರೆಂಚಿನಲ್ಲಿರುವ ‘ಇನಾಕ್ಸ್’ ಎಂಬ ಸಂಕ್ಷಿಪ್ತ ಹೆಸರು ಸೇರಿ ‘ವಿಕ್ಟೋರಿನಾಕ್ಸ್’ ಆಯಿತು. ಎರಡನೆಯ ಮಹಾಯುದ್ಧದ ನಂತರ ಯುರೋಪಿನಲ್ಲಿದ್ದ ಅಮೆರಿಕದ ಸೈನಿಕರು ಇದನ್ನು ಕೊಂಡು ಊರಿಗೆ ಒಯ್ದರು. ಅದರ ಉದ್ದನೆಯ ಜರ್ಮನ್ ಹೆಸರು ನಾಲಿಗೆಗೆ ಹೊರಳದೆ ‘ಸ್ವಿಸ್ ಆರ್ಮಿ ನೈಫ್’ ಎಂದರು. ಹೆಸರು ಸೈನ್ಯದ್ದು, ಕೆಲಸವೆಲ್ಲ ಪ್ರವಾಸದ ಬುತ್ತಿ, ಸೈಕಲ್ಲು, ಗುಡಾರದ ಹಗ್ಗ, ಕಿತ್ತುಹೋದ ಕನ್ನಡಕದ ತಿರುಪುಗಳದ್ದು.

ಪೆನ್ಸಿಲ್ ಪೆಟ್ಟಿಗೆಯಿಂದ ಮಾಯವಾದದ್ದು

ಜಪಾನಿನ ಹಿಗೊನೊಕಾಮಿಯ ಕಥೆ ಇವೆಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುತ್ತದೆ. ಹ್ಯೋಗೊ ಪ್ರಾಂತದ ಮಿಕಿ ನಗರ ಬಡಗಿಯ ಹತಾರಗಳಿಗೆ ಹೆಸರಾದ ಊರು. 1578ರಿಂದ 1580ರವರೆಗೆ ನಡೆದ ಮುತ್ತಿಗೆಯಲ್ಲಿ ಹಾಳಾದ ಊರನ್ನು ಮತ್ತೆ ಕಟ್ಟಲು ಬಂದ ಬಡಗಿಗಳ ಬೆನ್ನಿಗೆ ಕಮ್ಮಾರರೂ ಬಂದು ನೆಲೆಸಿದರೆಂದು ಅಲ್ಲಿನ ಚರಿತ್ರೆ ಹೇಳುತ್ತದೆ. 1876ರಲ್ಲಿ ಜಪಾನಿನ ಸರ್ಕಾರ ಸಮುರಾಯಿಗಳು ಸಾರ್ವಜನಿಕವಾಗಿ ಖಡ್ಗ ಧರಿಸುವುದನ್ನು ನಿಷೇಧಿಸಿತು. ಖಡ್ಗ ಸೊಂಟದಿಂದ ಇಳಿದ ಕೆಲವೇ ವರ್ಷಗಳಲ್ಲಿ, 1890ರ ದಶಕದಲ್ಲಿ, ಮಿಕಿಯ ಕುಲುಮೆಗಳಿಂದ ಜನಸಾಮಾನ್ಯರ ಚಿಕ್ಕ ಮಡಚುವ ಚಾಕು ಹೊರಬಂತು. ಅದಕ್ಕಿಟ್ಟ ಹೆಸರು ಮಾತ್ರ ಭಾರಿಯದು. ಹಿಗೊನೊಕಾಮಿ ಎಂದರೆ ‘ಹಿಗೊ ಸೀಮೆಯ ಒಡೆಯ’!

ಒಡೆಯನ ವೇಷ ಬಡವನದು. ಮಡಚಿದ ತಗಡೇ ಹಿಡಿ. ಸ್ಪ್ರಿಂಗಿಲ್ಲ, ಬೀಗವಿಲ್ಲ. ಅಲಗಿನ ಬುಡದಲ್ಲಿ ಬಾಲದಂತೆ ಚಾಚಿದ ಒಂದು ಪಟ್ಟಿಯಿದೆ. ಅದನ್ನು ಹೆಬ್ಬೆರಳಿನಿಂದ ಒತ್ತಿ ಬಿಚ್ಚಬೇಕು, ಕೆಲಸ ಮಾಡುವಷ್ಟು ಹೊತ್ತೂ ಹೆಬ್ಬೆರಳು ಅಲ್ಲೇ ಇರಬೇಕು. ಅಲಗು ನಿಲ್ಲಿಸುವ ಪ್ರಶ್ನೆಗೆ ಇಲ್ಲಿ ಬಳಸುವವನ ಬೆರಳೇ ಉತ್ತರ. ಒಳ್ಳೆಯ ಹಿಗೊನೊಕಾಮಿಯಲ್ಲಿ ಗಟ್ಟಿ ಉಕ್ಕನ್ನು ಮೆದು ಕಬ್ಬಿಣದ ನಡುವೆ ಕೂರಿಸಿ ಬೆಸೆದಿರುತ್ತಾರೆ. ಕೊಯ್ಯುವ ಬಾಯಿ ಗಡಸು, ಮೈ ಮೃದು, ಮಸೆಯುವುದು ಸುಲಭ.

ಈ ಚಾಕು ಜಪಾನಿನ ಮಕ್ಕಳದಾಯಿತು. ಶಾಲೆಗೆ ಹೋಗುವ ಹುಡುಗರು ಅದರಿಂದಲೇ ಪೆನ್ಸಿಲು ಹೆರೆದರು, ಬಿದಿರು ಸೀಳಿ ಗಿರಗಿಟ್ಟಲೆ ಮಾಡಿದರು, ಬೆರಳನ್ನೂ ಕೊಯ್ದುಕೊಂಡರು, ಮುಂದಿನ ಸಲ ಎಚ್ಚರ ಕಲಿತರು. ಆಮೇಲೆ 1960 ಬಂತು. ಆ ವರ್ಷ ಅಕ್ಟೋಬರ್ 12ರಂದು ಟೋಕಿಯೋದ ಸಭೆಯೊಂದರಲ್ಲಿ ಭಾಷಣ ಮಾಡುತ್ತಿದ್ದ ಸಮಾಜವಾದಿ ಪಕ್ಷದ ನಾಯಕ ಇನೆಜಿರೊ ಅಸಾನುಮಾ ಅವರನ್ನು 17 ವರ್ಷದ ತರುಣನೊಬ್ಬ ವೇದಿಕೆಯ ಮೇಲೇ ಇರಿದು ಕೊಂದ. ಟೆಲಿವಿಷನ್ ಕ್ಯಾಮೆರಾಗಳು ಅದನ್ನು ಸೆರೆಹಿಡಿದವು. ದೇಶ ತತ್ತರಿಸಿತು. ಮಕ್ಕಳ ಕೈಗೆ ಹರಿತವಾದುದೇನನ್ನೂ ಕೊಡಬಾರದೆಂಬ ಚಳವಳಿ ಊರೂರಿಗೆ ಹಬ್ಬಿತು. ಆ ತರುಣ ಬಳಸಿದ್ದು ಗಿಡ್ಡ ಖಡ್ಗ, ಹಿಗೊನೊಕಾಮಿಯಲ್ಲ. ಆದರೆ ಶಿಕ್ಷೆ ಅನುಭವಿಸಿದ್ದು ಪೆನ್ಸಿಲು ಹೆರೆಯುವ ಚಾಕು. ಶಾಲೆಗಳಲ್ಲಿ ಹಿಡಿಕೆ ತಿರುಗಿಸುವ ಪೆನ್ಸಿಲ್ ಯಂತ್ರಗಳು ಬಂದವು, ಚಾಕು ಮನೆಯ ಮೂಲೆ ಸೇರಿತು. ಅನೇಕ ಕಾರ್ಯಾಗಾರಗಳಿದ್ದ ಮಿಕಿಯಲ್ಲಿ ಆ ಹೆಸರನ್ನು ಒತ್ತುವ ಹಕ್ಕಿರುವ ತಯಾರಕ ಕುಟುಂಬ ಇಂದು ಒಂದೇ ಉಳಿದಿದೆ, ನಾಗಾವೊ ಅವರದು.

ಕರ್ನಾಟಕದ ಶಾಲೆಗಳಲ್ಲಿ ಇದೇ ಬದಲಾವಣೆ ಸದ್ದಿಲ್ಲದೆ ನಡೆಯಿತು. ಅಪ್ಪ ಗಡ್ಡ ಹೆರೆದು ಬಿಟ್ಟ ಬ್ಲೇಡನ್ನು ಎರಡಾಗಿ ಮುರಿದು ಪೆನ್ಸಿಲು ಹೆರೆಯುತ್ತಿದ್ದ ಮಕ್ಕಳ ಕೈಗೆ ಮೆಂಡರು ಬಂತು. ಬೆರಳು ಉಳಿಯಿತು ಎಂಬುದು ಲಾಭವೇ. ಆದರೆ ಅಲಗನ್ನು ಯಾವ ಕೋನದಲ್ಲಿ ಹಿಡಿಯಬೇಕು, ಮರದ ನರ ಯಾವ ಕಡೆಗಿದೆ, ಎಷ್ಟು ಒತ್ತಿದರೆ ಸೀಸ ಮುರಿಯುತ್ತದೆ ಎಂಬ ಕೈಯ ತಿಳಿವಳಿಕೆ ಅದರೊಂದಿಗೇ ಹೋಯಿತು.

ರಾಂಪುರದ ಅಪಕೀರ್ತಿ

ಭಾರತದ ಮಡಚುವ ಚಾಕು ಎಂದೊಡನೆ ನೆನಪಾಗುವುದು ಉತ್ತರ ಪ್ರದೇಶದ ರಾಂಪುರ. 1774ರಲ್ಲಿ ನೆಲೆಗೊಂಡ ನವಾಬರ ಆ ಸಂಸ್ಥಾನ ಗ್ರಂಥಾಲಯಕ್ಕೂ ಸಂಗೀತ ಘರಾಣೆಗೂ ಹೆಸರಾದುದು. ಆದರೆ ಜನರ ಬಾಯಲ್ಲಿ ಉಳಿದದ್ದು ‘ರಾಂಪುರಿ’. ಹಿತ್ತಾಳೆ ಕೆತ್ತನೆಯ ಹಿಡಿ, ಉದ್ದನೆಯ ಬಾಗಿದ ಅಲಗು. ಅಲ್ಲಿನ ಕುಶಲಕರ್ಮಿಗಳು ಪೀಳಿಗೆಗಳಿಂದ ಕಲಿತ ವಿದ್ಯೆ ಅದು. ಹಿಂದಿ ಚಲನಚಿತ್ರಗಳು ಅದನ್ನು ಖಳನಾಯಕನ ಕೈಗೆ ಕೊಟ್ಟವು. ಬಿಚ್ಚುವ ಸದ್ದೇ ಬೆದರಿಕೆಯಾಯಿತು. ಬೀದಿಯ ಪುಂಡರು ಚಿತ್ರ ನೋಡಿ ಚಾಕು ಕೊಂಡರೋ, ಪುಂಡರನ್ನು ನೋಡಿ ಚಿತ್ರ ತೆಗೆದರೋ ಹೇಳುವುದು ಕಷ್ಟ. 1990ರ ದಶಕದಲ್ಲಿ ಉತ್ತರ ಪ್ರದೇಶ ಸರ್ಕಾರ ನಾಲ್ಕೂವರೆ ಅಂಗುಲಕ್ಕಿಂತ ಉದ್ದದ ಅಲಗಿನ ರಾಂಪುರಿಯನ್ನು ನಿಷೇಧಿಸಿದಾಗ ಕಸುಬುದಾರರ ಬಹುತೇಕ ಅಂಗಡಿಗಳು ಮುಚ್ಚಿದವು. ವಿಪರ್ಯಾಸವೆಂದರೆ 2023ರಲ್ಲಿ ಅದೇ ಊರಿನ ವೃತ್ತವೊಂದರಲ್ಲಿ ಸುಮಾರು 20 ಅಡಿಯ ರಾಂಪುರಿಯ ಪ್ರತಿಕೃತಿಯನ್ನು ಸ್ಮಾರಕವಾಗಿ ನಿಲ್ಲಿಸಲಾಯಿತು.

ಒಪಿನೆಲ್‌ಗೆ ನಿಘಂಟಿನಲ್ಲಿ ಜಾಗ ಸಿಕ್ಕಿದ್ದಕ್ಕೂ ರಾಂಪುರಿಗೆ ನಿಷೇಧ ಸಿಕ್ಕಿದ್ದಕ್ಕೂ ಕಾರಣ ಉಕ್ಕಿನಲ್ಲಿಲ್ಲ. ಒಪಿನೆಲ್‌ಗೆ ರೊಟ್ಟಿ, ಗಿಣ್ಣು, ಅಣಬೆಗಳ ದಿನಬಳಕೆಯ ಕೆಲಸವಿತ್ತು. ರಾಂಪುರಿಯನ್ನು ಬಿಚ್ಚಿ ತೋರಿಸುವುದೇ ಅದರ ಕೆಲಸವಾಗಿಹೋಗಿತ್ತು.

ಕಾನೂನಿನ ಅಳತೆಗೋಲು

ಕಾನೂನಿಗೆ ಮನಸ್ಸು ಕಾಣುವುದಿಲ್ಲ, ಅಳತೆ ಕಾಣುತ್ತದೆ. ಭಾರತದ ಶಸ್ತ್ರಾಸ್ತ್ರ ಕಾಯ್ದೆಯಡಿ ರಚಿತವಾದ 1962ರ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು ಶಸ್ತ್ರದ ಪಟ್ಟಿಗೆ ಸೇರಿಸಿದವು. ಮನೆಬಳಕೆ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವುಗಳನ್ನು ಹೊರಗಿಟ್ಟವು. ಹಾಗಿಲ್ಲದಿದ್ದರೆ ಎಷ್ಟೋ ರೈತರ ಸೊಂಟದ ಕತ್ತಿ ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತಿತ್ತು.

ಇಂಗ್ಲೆಂಡಿನಲ್ಲಿ 1988ರ ಕಾಯ್ದೆ ಸಾರ್ವಜನಿಕ ಸ್ಥಳದಲ್ಲಿ ಸಕಾರಣವಿಲ್ಲದೆ ಹರಿತವಾದ ವಸ್ತು ಇಟ್ಟುಕೊಳ್ಳುವುದನ್ನು ಅಪರಾಧವೆಂದಿತು. ಆದರೆ 3 ಅಂಗುಲ ಮೀರದ, ಮಡಚುವ ಜೇಬಿನ ಚಾಕುವಿಗೆ ವಿನಾಯಿತಿ ಕೊಟ್ಟಿತು. ಬಿಚ್ಚಿದ ಮೇಲೆ ಬೀಗ ಬೀಳುವ ಚಾಕು ‘ಮಡಚುವ ಚಾಕು’ ಹೌದೋ ಅಲ್ಲವೋ ಎಂಬ ಪ್ರಶ್ನೆ ಮುಂದೆ ನ್ಯಾಯಾಲಯಕ್ಕೆ ಬಂತು. ಅಲ್ಲ ಎಂದಿತು ನ್ಯಾಯಾಲಯ. ಕಾರಣ, ಗುಂಡಿ ಒತ್ತದೆ ಅದು ತಕ್ಷಣ ಮಡಚಿಕೊಳ್ಳುವುದಿಲ್ಲ. ಶೆಫೀಲ್ಡಿನ ಹಳೆಯ ಸ್ಪ್ರಿಂಗಿನ ಚಾಕು ಗೆದ್ದಿತು. ಬೆರಳು ಕೊಯ್ಯದಿರಲೆಂದು ಮಾರ್ಸೆಲ್ ಒಪಿನೆಲ್ ಸೇರಿಸಿದಂಥ ಉಂಗುರವೇ ಅಲ್ಲಿ ತೊಡಕಾಯಿತು. ಬಳಸುವವನಿಗೆ ಹೆಚ್ಚು ಸುರಕ್ಷಿತವಾದ ಚಾಕು ಸಮಾಜದ ಕಣ್ಣಿಗೆ ಹೆಚ್ಚು ಅಪಾಯಕಾರಿ. ಇದನ್ನು ಬರೀ ಮೂರ್ಖತನವೆಂದು ತಳ್ಳಿಹಾಕುವಂತಿಲ್ಲ. ಬೀಗವಿರುವ ಅಲಗು ಇರಿಯಲೂ ಅನುಕೂಲವೇ. ಬ್ರಿಟನ್ನಿನ ನಗರಗಳಲ್ಲಿ ಚಾಕುವಿಗೆ ಬಲಿಯಾದ ಹದಿಹರೆಯದವರ ತಂದೆತಾಯಿಗಳ ದುಃಖ ಸುಳ್ಳಲ್ಲ. ಕಾನೂನು ಆರಿಸಿಕೊಳ್ಳಬೇಕಾದುದು ಒಬ್ಬನ ಬೆರಳು ಮತ್ತು ಇನ್ನೊಬ್ಬನ ಎದೆಯ ನಡುವೆ.

2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಸಂಶಯ ಜಗತ್ತನ್ನೆಲ್ಲ ಆವರಿಸಿತು. ವಿಮಾನದೊಳಕ್ಕೆ ಒಯ್ಯುವ ಚೀಲದಲ್ಲಿ ಅಂಗುಲದ ಅಲಗಿಗೂ ಜಾಗವಿಲ್ಲವಾಯಿತು. ವಿಮಾನ ನಿಲ್ದಾಣದ ಅಂಗಡಿಗಳನ್ನು ನೆಚ್ಚಿಕೊಂಡಿದ್ದ ಸ್ವಿಸ್ ಚಾಕುವಿನ ಮಾರಾಟ ಥಟ್ಟನೆ ಕುಸಿಯಿತು. ಆ ಸಂಸ್ಥೆ ಗಡಿಯಾರ, ಪ್ರಯಾಣದ ಚೀಲಗಳತ್ತ ಹೆಚ್ಚು ವಾಲಿತು. 2005ರಲ್ಲಿ ಹಳೆಯ ಪ್ರತಿಸ್ಪರ್ಧಿ ವೆಂಗರ್ ಅನ್ನು ತನ್ನದಾಗಿಸಿಕೊಂಡಿತು. 2024ರಲ್ಲಿ ಅದು ಹೇಳಿದ ಮಾತು ಈ ಚರಿತ್ರೆಯ ಒಂದು ಮೈಲಿಗಲ್ಲು. ಹಲವು ದೇಶಗಳ ಕಟ್ಟುಪಾಡುಗಳನ್ನು ಗಮನಿಸಿ, ಅಲಗೇ ಇಲ್ಲದ ಜೇಬಿನ ಉಪಕರಣವನ್ನು ರೂಪಿಸುತ್ತಿರುವುದಾಗಿ ಅದು ತಿಳಿಸಿತು.

ಕೈಗೆ ಮರಳುವ ದಾರಿ

ಅಲಗು ತೆಗೆದರೆ ಅಂಜಿಕೆ ಹೋಗುತ್ತದೆ, ಸಾಧನವೂ ಹೋಗುತ್ತದೆ. ಬಹುಶಃ ಇದಕ್ಕೇ ಹಳೆಯ ಮಾದರಿಯ ಚಾಕುಗಳನ್ನು ಮೆಚ್ಚುವವರು ಇನ್ನೂ ಇದ್ದಾರೆ. ಅವರಿಗೆ ಅದು ಗಾಜಿನ ಪೆಟ್ಟಿಗೆಯ ವಸ್ತುವಲ್ಲ. ಇಂಗಾಲದ ಉಕ್ಕಿನ ಅಲಗು ಮಾವಿನಕಾಯಿ, ನಿಂಬೆ ಕೊಯ್ದಾಗ ಕಪ್ಪಾಗುತ್ತದೆ. ಒರೆಸಿ, ಒಂದು ತೊಟ್ಟು ಎಣ್ಣೆ ಸವರಿ ಇಡಬೇಕು. ತಿಂಗಳಿಗೊಮ್ಮೆ ಸಾಣೆಕಲ್ಲಿನ ಮೇಲೆ ನಾಲ್ಕು ಬಾರಿ ಆಡಿಸಬೇಕು. ವರ್ಷಗಳು ಕಳೆದಂತೆ ಅಲಗು ಬೂದುಬಣ್ಣ ತಳೆಯುತ್ತದೆ, ಹಿಡಿ ಅಂಗೈಯ ಆಕಾರಕ್ಕೆ ಸವೆಯುತ್ತದೆ. ಮೊಂಡು ಚಾಕುವೇ ಹೆಚ್ಚು ಅಪಾಯಕಾರಿ, ಹೆಚ್ಚು ಒತ್ತಬೇಕಾಗಿ ಬಂದು ಜಾರುತ್ತದೆ ಎಂಬ ಪಾಠವನ್ನು ಅದು ತಾನೇ ಕಲಿಸುತ್ತದೆ. ಯುರೋಪಿನ ಹಲವೆಡೆ ಚಾಕುವನ್ನು ಉಡುಗೊರೆ ಕೊಟ್ಟರೆ ಸ್ನೇಹ ಕತ್ತರಿಸೀತೆಂಬ ನಂಬಿಕೆಯಿದೆ. ಅದಕ್ಕಾಗಿ ಪಡೆದವನು ಒಂದು ಪುಡಿ ನಾಣ್ಯ ಕೊಟ್ಟು, ಉಡುಗೊರೆಯನ್ನು ಕೊಂಡಂತೆ ಮಾಡಿಕೊಳ್ಳುತ್ತಾನೆ.

ಮಕ್ಕಳ ಕೈಗೆ ಚಾಕುವನ್ನು ಮರಳಿ ಕೊಡುವ ಪ್ರಯತ್ನಗಳೂ ನಡೆದಿವೆ. ಒಪಿನೆಲ್ ಮೊನೆಯಿಲ್ಲದ, ದುಂಡು ತುದಿಯ ಅಲಗಿನ ಮಕ್ಕಳ ಚಾಕುವೊಂದನ್ನು ಮಾಡುತ್ತದೆ. ಜಪಾನಿನ ನಾಗಾನೊ ಪ್ರಾಂತದ ಇಕೆಡಾ ಪಟ್ಟಣದ ಪ್ರಾಥಮಿಕ ಶಾಲೆಯೊಂದು 1980ರ ದಶಕದಿಂದ ಹೊಸದಾಗಿ ಸೇರುವ ಮಕ್ಕಳಿಗೆ ತಲಾ ಒಂದು ಹಿಗೊನೊಕಾಮಿ ಕೊಟ್ಟು, ಪೆನ್ಸಿಲು ಹೆರೆಯುವುದನ್ನು ಕಲಿಸುವ ರೂಢಿ ಇಟ್ಟುಕೊಂಡು ಬಂದಿತು. ಆರೇಳು ವರ್ಷದ ಮಗು ಹೆಬ್ಬೆರಳನ್ನು ಆ ಪುಟ್ಟ ಬಾಲದ ಮೇಲಿಟ್ಟು, ಉಸಿರು ಬಿಗಿಹಿಡಿದು ಮರದ ಸಿಪ್ಪೆ ಎಬ್ಬಿಸುತ್ತದೆ. ಅಲಗನ್ನು ನಿಲ್ಲಿಸುವುದು ಬೀಗವಲ್ಲ, ತನ್ನದೇ ಬೆರಳು ಎಂಬುದು ಅದಕ್ಕೆ ಮೊದಲ ದಿನವೇ ತಿಳಿದುಹೋಗುತ್ತದೆ.